ಇಪ್ಪತ್ತೈದರಲ್ಲಿ ಒಂದು

ಸೂಪರ್ ಮಾರ್ಕೆಟ್ಟಿನ ಹಿಂದೆ, ಮೆಟ್ಟಿಲ ಕೆಳಗಿನ ನನ್ನ ಲ್ಯಾಬಿನಲ್ಲಿ
ಹಗಲೆಲ್ಲ ಊರಿನ ದವಡೆಗಳು.
ಪ್ಲಾಸ್ಟರಿನವು, ಹೆಸರಿನ ಚೀಟಿ ಅಂಟಿಸಿಕೊಂಡು
ಹಲ್ಲಿಗಾಗಿ ಕಾಯುತ್ತ ಕೂತವು.
ರಾತ್ರಿ ಅವನ್ನು ಒಂದು ಕಡೆ ಸರಿಸಿ
ಡಬ್ಬಿ ಬಿಚ್ಚುತ್ತೇನೆ.

ಐವತ್ತೊಂದರ ಶೆವ್ರೊಲೆ. ಅಮೆರಿಕದ್ದು.
ನಾಲ್ಕು ಕ್ರೌನಿನ ದುಡ್ಡು ಸುರಿದು
ಹೈದರಾಬಾದಿನ ಅಂಗಡಿಯವನ ಬೆನ್ನು ಬಿದ್ದು ತರಿಸಿದ್ದು.
ಕಡ್ಡಿಯ ಚೌಕಟ್ಟಿಗೆ ಹುಣಸೆಕಾಯಿಯ ಹಾಗೆ ಜೋತ ಭಾಗಗಳು:
ಬಂಪರು, ಹಿಡಿಕೆ, ಅಕ್ಕಿಕಾಳಿಗಿಂತ ಸಣ್ಣ ದೀಪ.
ಡಬ್ಬಿಯ ಮೇಲಿನ ಚಿತ್ರದಲ್ಲಿ ಕಾರು ತಿಳಿಹಸಿರು,
ಪಕ್ಕದಲ್ಲಿ ನಗುವ ಹೆಂಗಸು;
ಮೂವತ್ತೆರಡೂ ಅವಳವೇ.

ನಮ್ಮದು ಹಾಗಿರಲಿಲ್ಲ.
ನಮ್ಮದು ಅಂದರೆ ನಮ್ಮದಲ್ಲ, ಫರಸಿ ಕಲ್ಲಿನ ಸೇಠನದು.
ಅಪ್ಪ ಸಾಯಿಬಣ್ಣ ಬರೀ ಡ್ರೈವರ್.
ಗುಲಬರ್ಗಾದಿಂದ ಶಹಾಬಾದಿಗೆ ದಿನಕ್ಕೆ ನಾಲ್ಕು ಸಲ,
ಹದಿನಾಲ್ಕು ಮಂದಿ, ಎರಡು ಕೋಳಿ,
ಒಮ್ಮೆ ಒಂದು ಹೊಲಿಗೆ ಮಷಿನ್ನು, ಅದರ ದರ್ಜಿಯ ತೊಡೆಯ ಮೇಲೆ.
ಜನರ ಬಾಯಲ್ಲಿ ಅದು ಶವರ್ಲೇಟು.
"ಶವರ್ಲೇಟ್ ಬಂತೇನ್ರಿ?"
"ಎಲ್ಲಿದ್ರಿ, ಹೆಸರಿನಾಗೇ ಲೇಟ್ ಅದ."

ಹಾಗಾಗಿ ಸೂಚನೆಯ ಕಾಗದ ಮಡಚಿಟ್ಟು
ಮೊದಲು ಡ್ಯಾಶ್‌ಬೋರ್ಡ್ ಕೊಯ್ದೆ.
ಅಮೆರಿಕದವನು ಎಡಕ್ಕೆ ಕೂರುತ್ತಾನೆ, ಅಪ್ಪ ಬಲಕ್ಕೆ ಕೂತವನು.
ಮೇಣ ಕೆತ್ತುವ ಚಾಕುವಿನಿಂದ ಮೀಟರು ಬಿಡಿಸಿ
ಆಚೆ ದಾಟಿಸಿದೆ, ಸ್ಟಿಯರಿಂಗನ್ನೂ.
ಎರಡು ಬಾಗಿಲಿನ ಮೈಮೇಲೆ ನಾಲ್ಕರ ಗೆರೆ ಕೊರೆದೆ.
ಒಂದು ಗೆರೆ ಜಾರಿತು. ಪುಟ್ಟಿ ತುಂಬಿ, ಉಜ್ಜಿ, ಮತ್ತೆ ಕೊರೆದೆ.
ಆರು ಸಿಲಿಂಡರಿನ ಚೆಂದದ ಎಂಜಿನ್ನು ಡಬ್ಬಿಯಲ್ಲೇ ಉಳಿಯಿತು:
ಸೇಠ ಅದನ್ನು ಯಾವತ್ತೋ ಗುಜರಿಗೆ ಹಾಕಿ
ಡೀಸೆಲ್ಲು ಕೂರಿಸಿದ್ದ.
ಒಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್ಕಿನಲ್ಲಿ ಅದನ್ನೇ ಕೆತ್ತಿದೆ.
ಕರಿ ಬಳಿಯುವವರೆಗೆ
ಬಾನೆಟ್ಟಿನಡಿ ಯಾರೋ ಬಾಯಿ ತೆರೆದು ಕೂತ ಹಾಗಿತ್ತು.

ಬಣ್ಣ. ಬಲ್ಲವರು ಹೇಳುತ್ತಾರೆ, ನಸುಕಿನ ತಂಪಿನಲ್ಲಿ ಊದು ಎಂದು.
ನಮ್ಮ ಮೇ ತಿಂಗಳಲ್ಲಿ ಮಧ್ಯಾಹ್ನ ಊದಿದರೆ
ಗನ್ನಿನಿಂದ ಹೊರಟದ್ದು ಕಾರು ಮುಟ್ಟುವ ಮೊದಲೇ ಒಣಗಿ
ಹಿಟ್ಟಾಗಿ ಕೂರುತ್ತದೆ.
ನಾನು ಮಧ್ಯಾಹ್ನ ಎರಡಕ್ಕೇ, ಮಾಳಿಗೆ ಮೇಲೆ ನಿಂತು ಊದಿದೆ.
ಸರಿಯಾಗಿ ಕೆಟ್ಟಿತು.
ಅಂಥದೇ ಬಣ್ಣ ಅದರದು, ಸವರಿದರೆ ಅಂಗೈಗೆ ಹತ್ತುವುದು.

ಧೂಳಿನದೇ ಕಷ್ಟ.
ಕಾರು ಇಪ್ಪತ್ತೈದರಲ್ಲಿ ಒಂದು ಪಾಲಾಗುತ್ತದೆ, ಧೂಳು ಆಗುವುದಿಲ್ಲ.
ಶಹಾಬಾದಿನ ಫರಸಿಯ ಪುಡಿ ಉದುರಿಸಿದೆ;
ಚಕ್ರದ ಪಕ್ಕ ಅದು ಬಂಡೆ.
ಕುಟ್ಟಿದೆ, ಅರೆದೆ, ಮಲಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದೆ.
ಉಸಿರು ತಾಗಿದರೆ ಹಾರುವಷ್ಟಾದ ಮೇಲೆ
ಉಸಿರು ಹಿಡಿದು ಉದುರಿಸಿದೆ.

ಗುರುವಾರ ಹುಸೇನಬಿ ಬಂದಳು, ತನ್ನ ಸೆಟ್ಟು ಕೇಳಲು.
ಆ ಕಾಲಕ್ಕೆ ಶಹಾಬಾದಿನ ಹೆರಿಗೆಗಳಿಗೆ ದಿನಾ ಹೋಗುತ್ತಿದ್ದ ದಾಯಿ.
ಹಲ್ಲು ಪಕ್ಕಕ್ಕಿಟ್ಟು ಕಾರು ಎತ್ತಿಕೊಂಡಳು,
ಎಳೆಗೂಸನ್ನು ಎತ್ತುವ ಹಾಗೆ, ಕತ್ತಿನಡಿ ಕೈ ಕೊಟ್ಟು.
ತಿರುಗಿಸಿದಳು. ಬೋಳು ಬಾಯಲ್ಲಿ ಅಂದಳು:
"ಎಲ್ಲಾ ಬರೋಬ್ಬರಿ ಅದ. ಆದ್ರ ಈ ಬಾಗ್ಲಾ?
ಎಡಗಡಿ ಹಿಂದಿಂದು. ಅದು ತೆರೀತಿದ್ದಿಲ್ಲ.
ನಿಮ್ಮಪ್ಪ ಹಗ್ಗ ಕಟ್ಟಿದ್ದ. ನಾ ಇಳೀಬೇಕಾದ್ರ
ತಾನೇ ಸುತ್ತಿ ಬಂದು ಗಂಟು ಬಿಚ್ಚತಿದ್ದ.
ಹೆರಿಗಿ ಅರ್ಜೆಂಟ್ ಇದ್ರ, ಹಲ್ಲಿಲೆ."

ಅಪ್ಪನ ಮುಂದಿನ ಹಲ್ಲು ಅರ್ಧ ಮುರಿದಿತ್ತು.
ಎಲ್ಲೋ ಕುಡಿದು ಬಡಿದಾಡಿದ್ದಾನೆಂದೇ
ಅವ್ವ ಕೊನೆತನಕ ನಂಬಿದ್ದಳು.

ನಾಲ್ಕರಲ್ಲಿ ಅದೊಂದನ್ನೇ ಪೂರ್ತಿ ಕೊಯ್ದು ತೆಗೆದು,
ತಂತಿಯ ಹಿಂಜು ಕೂರಿಸಿ, ತೆರೆದು ಮುಚ್ಚುವಂತೆ ಮಾಡಲು
ಹದಿನೆಂಟು ರಾತ್ರಿ ಕಳೆದಿದ್ದೆ.
ಅಂಚಿಗೆ ಅಂಟು ಹಚ್ಚಿ ಮುಚ್ಚಿದೆ.
ಹೊಲಿಗೆ ದಾರದ ಒಂದೇ ಎಳೆ ಬಿಡಿಸಿ, ಚಹಾದಲ್ಲಿ ಅದ್ದಿ,
ಹಿಡಿಕೆಯಿಂದ ಕಿಟಕಿಯೊಳಗೆ ಎರಡು ಸುತ್ತು ತಂದೆ.
ಬೆರಳಿಗೆ ಸಿಗುವ ಗಂಟಲ್ಲ, ಚಿಮಟಕ್ಕೂ ಜಾರುತ್ತದೆ.
ಬಗ್ಗಿ, ತುದಿಯನ್ನು
ಹಲ್ಲಲ್ಲಿ ಕಚ್ಚಿ ಎಳೆದೆ.